ಸಮ ಆದ ಮೇಲೆ

2024ರ ಮೇ 18, ಶನಿವಾರ. ರಾತ್ರಿ ಹತ್ತಾದರೂ ಕಕ್ಕೇರಾದ ಗೋಡೆಗಳು ಹಗಲು ಕುಡಿದ ಬಿಸಿಲನ್ನು ಇನ್ನೂ ಉಗುಳುತ್ತಿದ್ದವು. ಸುರಪುರ ವಿಧಾನಸಭಾ ಕ್ಷೇತ್ರದ ಉಪಚುನಾವಣೆಯ ಮತದಾನ ಮುಗಿದು ಹನ್ನೊಂದು ದಿನವಾಗಿತ್ತು. ಮತಯಂತ್ರಗಳು ಬೀಗದೊಳಗಿದ್ದವು; ಎಣಿಕೆಗೆ ಜೂನ್ 4ರ ತನಕ ಕಾಯಬೇಕಿತ್ತು. ಯಾರು ಎಷ್ಟರಿಂದ ಗೆಲ್ಲುತ್ತಾರೆ ಎಂಬ ಮಾತೇ ಊರ ತುಂಬ. ಆ ಒಂದು ರಾತ್ರಿ ಮಾತ್ರ ಅದೇ ಪ್ರಶ್ನೆ ಬೇರೆ ಕಡೆ ಹೊರಳಿತ್ತು. ಚಹಾದಂಗಡಿಯ ಬಾಗಿಲು ಅರ್ಧ ಎಳೆದಿತ್ತು. ಸಕ್ಕರೆ ಡಬ್ಬಿಗೆ ಆನಿಸಿಟ್ಟ ಒಂದು ಮೊಬೈಲು, ಅದರ ಮುಂದೆ ಹತ್ತು ಹದಿನೈದು ತಲೆ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆರ್‌ಸಿಬಿಗೂ ಚೆನ್ನೈಗೂ ಆಟ.

"ಗೆದ್ರೂ ಹೊರಗ ಹೋಗಬಹುದಂತಲ್ಲೋ, ಇದ್ಯಾವ ಲೆಕ್ಕಪಾ?" ಎಂದರು ಹಿಂದಿನ ಸಾಲಿನ ಹಿರಿಯರೊಬ್ಬರು.

"ಹಂಗಲ್ಲ ಕಾಕಾ, ಹದಿನೆಂಟು ರನ್ನಿಲೆ ಗೆಲ್ಲಬೇಕು. ಹದಿನೇಳು ಆದ್ರ ಗೆದ್ದೂ ಮನಿಗೆ."

"ಗೆದ್ದಾಂವ ಮನಿಗಿ, ಸೋತಾಂವ ಮುಂದಕ್ಕ?"

"ಹೂಂ ಮತ್ತ. ರನ್ ರೇಟ್ ಕಾಕಾ."

ಕಾಕಾ ಅವರಿಗೆ ಈ ಉತ್ತರ ಒಗ್ಗಲಿಲ್ಲ. ನನಗೂ ಪೂರ್ತಿ ಒಗ್ಗಿದೆ ಎಂದು ಹೇಳಲಾರೆ. ಆದರೆ ಅವರು ಕೇಳಿದ ಪ್ರಶ್ನೆಗೆ ಆಗಲೇ ತೊಂಬತ್ತು ವರ್ಷ ವಯಸ್ಸಾಗಿತ್ತು. ಕರ್ನಾಟಕದ ಕ್ರಿಕೆಟ್ ತಂಡಗಳ ಹಣೆಬರಹವನ್ನು ಆ ಪ್ರಶ್ನೆ ಎಷ್ಟೋ ಸಲ ತಿದ್ದಿತ್ತು.

ಆ ರಾತ್ರಿಯ ಲೆಕ್ಕ ಹೀಗಿತ್ತು. ಐಪಿಎಲ್ಲಿನ ಹತ್ತು ತಂಡಗಳಲ್ಲಿ ಮೊದಲ ನಾಲ್ಕಕ್ಕೆ ಮಾತ್ರ ಮುಂದಿನ ಸುತ್ತು. ಮೂರು ಸ್ಥಾನ ಆಗಲೇ ತುಂಬಿದ್ದವು. ಚೆನ್ನೈ 14 ಅಂಕ ಇಟ್ಟುಕೊಂಡು ಬಂದಿತ್ತು, ಆರ್‌ಸಿಬಿ 12. ಬೆಂಗಳೂರು ಗೆದ್ದರೆ ಇಬ್ಬರದೂ 14. ಆಗ ನೆಟ್ ರನ್ ರೇಟ್ ನೋಡಬೇಕು. ಇಡೀ ಲೀಗಿನಲ್ಲಿ ಒಂದು ಓವರಿಗೆ ಸರಾಸರಿ ಎಷ್ಟು ರನ್ ಹೊಡೆದಿರಿ ಎಂಬುದರಲ್ಲಿ, ಓವರಿಗೆ ಸರಾಸರಿ ಎಷ್ಟು ಹೊಡೆಸಿಕೊಂಡಿರಿ ಎಂಬುದನ್ನು ಕಳೆದರೆ ಉಳಿಯುವ ಸಂಖ್ಯೆ ಅದು. ಆರ್‌ಸಿಬಿ 5 ವಿಕೆಟಿಗೆ 218 ಹೊಡೆದು ಕೂತಿತು. ಚೆನ್ನೈಗೆ ಗೆಲ್ಲಲು 219 ಬೇಕು, ಆದರೆ ಉಳಿಯಲು 201 ಸಾಕು. ಒಂದೇ ಆಟದೊಳಗೆ ಎರಡು ಆಟ. ಫಲಕದ ಮೇಲೆ ಒಂದು ಗುರಿ, ಜನರ ಬಾಯಲ್ಲಿ ಇನ್ನೊಂದು.

ಕೊನೆಯ ಓವರಿಗೆ ಬಂದಾಗ ಚೆನ್ನೈ 184. ಉಳಿಯಲು ಇನ್ನು 17 ಬೇಕು. ಚೆಂಡು ಯಶ್ ದಯಾಳ್ ಕೈಯಲ್ಲಿ, ಎದುರಿಗೆ ಧೋನಿ. ಒಂದು ವರ್ಷದ ಹಿಂದೆ ಅಹಮದಾಬಾದಿನಲ್ಲಿ ಇದೇ ದಯಾಳ್ ಕೊನೆಯ ಓವರಿನಲ್ಲಿ ರಿಂಕು ಸಿಂಗ್‌ನಿಂದ ಸಾಲಾಗಿ ಐದು ಸಿಕ್ಸರ್ ಹೊಡೆಸಿಕೊಂಡವನು. ಮೊದಲ ಚೆಂಡು ಕ್ರೀಡಾಂಗಣದಾಚೆ ಹೋಯಿತು. ಚಹಾದಂಗಡಿಯಲ್ಲಿ ಯಾರೋ ಮೊಬೈಲಿಗೆ ಬೆನ್ನು ತಿರುಗಿಸಿ ನಿಂತರು. ಎರಡನೆಯ ಚೆಂಡಿಗೆ ಧೋನಿ ಕ್ಯಾಚಿತ್ತು ಔಟ್. ಉಳಿದ ನಾಲ್ಕು ಚೆಂಡಿಗೆ ಬಂದದ್ದು ಒಂದು ರನ್. ಚೆನ್ನೈ 191. ಬೆಂಗಳೂರು 27 ರನ್ನಿನಿಂದ ಗೆದ್ದಿತ್ತು, ಬೇಕಿದ್ದಕ್ಕಿಂತ ಒಂಬತ್ತು ಹೆಚ್ಚು.

ಏಪ್ರಿಲ್ 21ಕ್ಕೆ ಎಂಟು ಆಟಗಳಲ್ಲಿ ಏಳು ಸೋತಿದ್ದ ತಂಡ ಅದು. ಆಮೇಲೆ ಸಾಲಾಗಿ ಆರು ಗೆದ್ದಿತು. ಗೆಲುವಿನಷ್ಟೇ ಮುಖ್ಯವಾಗಿದ್ದದ್ದು ಗೆದ್ದ ರೀತಿ. ಅಹಮದಾಬಾದಿನಲ್ಲಿ ಇನ್ನೂರು ದಾಟಿದ ಗುರಿಯನ್ನು 16 ಓವರಿನಲ್ಲೇ ಮುಟ್ಟಿದರು, ವಿಲ್ ಜ್ಯಾಕ್ಸ್ 41 ಚೆಂಡಿಗೆ ನೂರು ಹೊಡೆದ. ಧರ್ಮಶಾಲಾದಲ್ಲಿ ಪಂಜಾಬನ್ನು 60 ರನ್ನಿನಿಂದ ಬಡಿದರು. ಎಲ್ಲ ಕಳೆದುಕೊಂಡವರ ಹಾಗೆ ಆಡಿದರು ಎಂದು ಟಿವಿಯವರು ಹೊಗಳುತ್ತಿದ್ದರು. ನನಗೆ ಕಂಡದ್ದು ಕಿರಾಣಿ ಅಂಗಡಿಯವರ ಲೆಕ್ಕ: ಒಂದೊಂದು ಓವರನ್ನೂ ಉಳಿತಾಯಕ್ಕೆ ಹಾಕುತ್ತಿದ್ದರು. ಲೀಗ್ ಮುಗಿದಾಗ 14 ಅಂಕದಲ್ಲಿ ನಿಂತವರು ಇಬ್ಬರಲ್ಲ, ನಾಲ್ವರು: ಬೆಂಗಳೂರು, ಚೆನ್ನೈ, ದೆಹಲಿ, ಲಖನೌ. ದಶಮಾಂಶದ ಆಚೆ ಬೆಂಗಳೂರು 0.459, ಚೆನ್ನೈ 0.392. ಉಳಿದಿಬ್ಬರು ಸೊನ್ನೆಗಿಂತ ಕೆಳಗೆ.

ಇದೇ ರನ್ ರೇಟ್ 2020ರಲ್ಲಿ ಇದೇ ತಂಡವನ್ನು ಸೋತ ಮೇಲೂ ಕೈಹಿಡಿದಿತ್ತು ಎಂಬುದನ್ನು ಅವತ್ತು ಯಾರೂ ನೆನೆಯಲಿಲ್ಲ. ಅಬುಧಾಬಿಯಲ್ಲಿ ದೆಹಲಿ ತಂಡ 153ರ ಗುರಿಯನ್ನು ಹದಿನೇಳೂವರೆ ಓವರಿನೊಳಗೆ ಮುಟ್ಟಿದ್ದರೆ ಆರ್‌ಸಿಬಿ ಕೋಲ್ಕತ್ತಾಗಿಂತ ಕೆಳಗಿಳಿಯುತ್ತಿತ್ತು. ದೆಹಲಿ ಹತ್ತೊಂಬತ್ತನೆಯ ಓವರಿನ ತನಕ ಎಳೆಯಿತು. ಸೋತವರೂ ಗೆದ್ದವರೂ ನಗುತ್ತ ಕೈಕುಲುಕಿದರು. ಅಳುವ ಪಾಳಿ ಆ ಮೈದಾನದಲ್ಲೇ ಇಲ್ಲದ ಕೋಲ್ಕತ್ತಾದ್ದು.

ಇನ್ನು ತೊಂಬತ್ತು ವರ್ಷದ ಮಾತು. 1934ರ ನವೆಂಬರ್ 4ರಂದು ಮದ್ರಾಸಿನ ಚೇಪಾಕಿನಲ್ಲಿ ರಣಜಿ ಟ್ರೋಫಿಯ ಮೊಟ್ಟಮೊದಲ ಪಂದ್ಯ ನಡೆಯಿತು: ಮದ್ರಾಸ್ ಮತ್ತು ಮೈಸೂರು. ಮೈಸೂರು ಎರಡು ಇನಿಂಗ್ಸ್‌ಗಳಲ್ಲಿ 48 ಮತ್ತು 59ಕ್ಕೆ ಮುಗಿದು, ಒಂದೇ ದಿನದಲ್ಲಿ ಸೋಲು ಖಾಯಂ ಆಯಿತು. ಅಲ್ಲಿ ಸಮದ ಗೊಡವೆಯೇ ಏಳಲಿಲ್ಲ. ಆದರೆ ಎಲ್ಲ ಪಂದ್ಯಗಳೂ ಹೀಗೆ ಒಂದೇ ದಿನದಲ್ಲಿ ಮುಗಿಯವು. ಸೋತವರು ಮನೆಗೆ, ಗೆದ್ದವರು ಮುಂದಕ್ಕೆ ಎಂಬ ನಾಕೌಟ್ ಪದ್ಧತಿಯಲ್ಲಿ ಪಂದ್ಯ ಡ್ರಾ ಆದರೆ ಮುಂದೆ ಯಾರು ಹೋಗಬೇಕು?

ಒಂದು ದಾರಿ, ಮುಗಿಯುವ ತನಕ ಆಡಿಸುವುದು. 1948-49ರಲ್ಲಿ ಪುಣೆಯಲ್ಲಿ ಬಾಂಬೆ ಮತ್ತು ಮಹಾರಾಷ್ಟ್ರ ಸೆಮಿಫೈನಲ್ಲನ್ನು ಏಳು ದಿನ ಆಡಿ ಒಟ್ಟು 2,376 ರನ್ ಹೊಡೆದರು. ಅದಕ್ಕೂ ಹತ್ತು ವರ್ಷ ಹಿಂದೆ ಡರ್ಬನ್ನಿನಲ್ಲಿ ಇಂಗ್ಲೆಂಡ್ ಹತ್ತನೆಯ ದಿನದ ತನಕ ಆಡಿ, 696ರ ಗುರಿಗೆ 654 ತಲುಪಿ, ಇನ್ನು 42 ಬೇಕಾಗಿದ್ದಾಗ ಹಡಗು ತಪ್ಪುತ್ತದೆಂದು ಗಂಟುಮೂಟೆ ಕಟ್ಟಿತ್ತು. ಇನ್ನೊಂದು ದಾರಿ ನಾಣ್ಯ ಚಿಮ್ಮುವುದು. 1968ರ ಜೂನ್ 5ರಂದು ನೇಪಲ್ಸ್‌ನಲ್ಲಿ ಯುರೋಪಿನ ಫುಟ್‌ಬಾಲ್ ಸೆಮಿಫೈನಲ್ಲು ಇಟಲಿಗೆ ಸಿಕ್ಕಿದ್ದು ಹಾಗೆಯೇ. ಸೋವಿಯತ್ ಒಕ್ಕೂಟ ಆ ಆಟದಲ್ಲಿ ಒಂದು ಗೋಲನ್ನೂ ಬಿಟ್ಟುಕೊಡದೆ ಫೈನಲ್ ಕಳೆದುಕೊಂಡಿತು. ನಮ್ಮಲ್ಲಿ ಚುನಾವಣೆಯಲ್ಲಿ ಮತ ಸಮ ಬಂದರೆ ಇವತ್ತಿಗೂ ಚೀಟಿ ಎತ್ತುವುದೇ ಕಾನೂನು. ಗ್ರಾಮ ಪಂಚಾಯಿತಿ ಎಣಿಕೆಯ ದಿನ ಚೀಟಿ ಎತ್ತಿ ಸದಸ್ಯರಾದವರು ಇರುವಲ್ಲಿ ಇದೇನು ಹೊಸ ಸುದ್ದಿಯಲ್ಲ.

ರಣಜಿ ಹಿಡಿದ ದಾರಿ ಮೂರನೆಯದು: ಮೊದಲ ಇನಿಂಗ್ಸ್ ಮುನ್ನಡೆ. ಪಂದ್ಯ ಡ್ರಾ ಆದರೆ ಮೊದಲ ಸರದಿಯಲ್ಲಿ ಯಾರು ಹೆಚ್ಚು ಹೊಡೆದರೋ ಅವರದೇ ಗೆಲುವು. ಒಂದೇ ಒಂದು ರನ್ ಸಾಕು. ಎರಡು ತಂಡಗಳೂ ತಲಾ ಒಮ್ಮೆ ಪೂರ್ತಿ ಆಡಿದ್ದನ್ನು ನೋಡಿ ತೀರ್ಪು ಕೊಡುವುದು ನಾಣ್ಯಕ್ಕಿಂತ ನ್ಯಾಯ ಎಂಬುದರಲ್ಲಿ ಸಂಶಯವಿಲ್ಲ. ಆದರೆ ನಿಯಮ ಆಟವನ್ನೇ ಬದಲಿಸಿತು. ಮುನ್ನಡೆ ಸಿಕ್ಕ ಮೇಲೆ ಗೆಲ್ಲುವ ಹಂಗು ಹೋಯಿತು, ಸೋಲದಿದ್ದರೆ ಸಾಕೆಂಬುದು ಉಳಿಯಿತು.

ಇಲ್ಲೊಂದು ಮಾತು ಹೇಳದೆ ಮುಂದೆ ಹೋಗಲಾರೆ. ಆ ಮೊದಲ ರಣಜಿ ವರ್ಷದಲ್ಲಿ ಕಕ್ಕೇರಾದವರ ತಂಡ ಮೈಸೂರು ಆಗಿರಲಿಲ್ಲ. ಸುರಪುರ, ಶಹಾಪುರ, ಯಾದಗಿರಿ ಎಲ್ಲ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಹೈದರಾಬಾದ್ ತಂಡ 1937-38ರಲ್ಲೇ ರಣಜಿ ಗೆದ್ದಿತ್ತು. ನವಾನಗರದ ಎದುರು ಫೈನಲ್ಲಿನಲ್ಲಿ ಉಳಿದದ್ದು ಒಂದೇ ವಿಕೆಟ್, ಐಬಾರಾ 137 ಹೊಡೆದು ಔಟಾಗದೆ ನಿಂತಿದ್ದರು. ಮೈಸೂರಿಗೆ ಅಂಥ ದಿನ ಬರಲು ಇನ್ನೂ ಮೂವತ್ತಾರು ವರ್ಷ ಹಿಡಿಯಿತು. 1956ರ ನವೆಂಬರ್ 1ರಂದು ಗಡಿಗಳು ಹೊಸದಾಗಿ ಬಿದ್ದಾಗ ನಮ್ಮ ಸೀಮೆ, ರಣಜಿ ಗೆದ್ದ ತಂಡವನ್ನು ಬಿಟ್ಟು, ಒಮ್ಮೆಯೂ ಗೆಲ್ಲದ ತಂಡಕ್ಕೆ ಸೇರಿತು. ಈಗ ನಮ್ಮದು ರಾಜ್ಯ ಕ್ರಿಕೆಟ್ ಸಂಸ್ಥೆಯ ರಾಯಚೂರು ವಲಯ. ಯಾವ ತಂಡ ಗೆದ್ದರೆ ನಾವು ಗೆದ್ದ ಹಾಗೆ ಎಂಬುದನ್ನು ಕೂಡ ಮೊದಲು ಯಾರೋ ಎಲ್ಲೋ ಕಾಗದದ ಮೇಲೆ ತೀರ್ಮಾನಿಸಿರುತ್ತಾರೆ.

1974ರ ಮಾರ್ಚ್. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದು ಐದು ತಿಂಗಳೂ ತುಂಬಿರಲಿಲ್ಲ. ಹೊಸ ಹೆಸರಿನಲ್ಲಿ ಆಡುತ್ತಿದ್ದ ಮೊದಲ ಋತು. ಸೆಮಿಫೈನಲ್ಲಿಗೆ ಬೆಂಗಳೂರಿಗೆ ಬಂದದ್ದು ಬಾಂಬೆ: 1958-59ರಿಂದ ಸಾಲಾಗಿ ಹದಿನೈದು ವರ್ಷ ಟ್ರೋಫಿಯನ್ನು ಬೇರೆಯವರ ಕೈಗೆ ಕೊಡದ ತಂಡ. ಅಜಿತ್ ವಾಡೇಕರ್ ನಾಯಕ, ಜೊತೆಗೆ ಗಾವಸ್ಕರ್. ನಮ್ಮ ಕಡೆ ನಾಯಕ ಎರಪಳ್ಳಿ ಪ್ರಸನ್ನ, ಚಂದ್ರಶೇಖರ್, ವಿಶ್ವನಾಥ್, ಬ್ರಿಜೇಶ್ ಪಟೇಲ್. ವಿಶ್ವನಾಥ್ ಎದುರಿಸಿದ ಮೊದಲ ಚೆಂಡಿಗೇ ಎಲ್‌ಬಿಡಬ್ಲ್ಯು ಎಂದು ಬಾಂಬೆಯವರು ಗಂಟಲು ಹರಿದುಕೊಂಡರು, ಅಂಪೈರ್ ಬೆರಳೆತ್ತಲಿಲ್ಲ. ಆ ಮನುಷ್ಯ 162 ಹೊಡೆದು ಹೋದ. ಪಟೇಲ್ 106. ಬಾಂಬೆ ಬ್ಯಾಟು ಹಿಡಿದಾಗ ಪ್ರಸನ್ನ ಗಾವಸ್ಕರ್ ಅವರ ಬೇಲ್ಸ್ ಎಗರಿಸಿದರು, ಚೆನ್ನಾಗಿ ನೆಲೆ ನಿಂತಿದ್ದ ವಾಡೇಕರ್ ಓಡುವಾಗ ಜಾರಿ ರನೌಟ್ ಆದರು. ಮುನ್ನಡೆ 78. ಪಂದ್ಯ ಡ್ರಾ. ಹದಿನೈದು ವರ್ಷದ ಕೋಟೆ ಬಿದ್ದದ್ದು ಹೀಗೆ. ಬಾಂಬೆಯನ್ನು ಪೂರ್ತಿ ಸೋಲಿಸಲಿಲ್ಲ. ಮೊದಲ ಸರದಿಯಲ್ಲಿ 78 ರನ್ ಮುಂದಿದ್ದರು, ಅಷ್ಟೇ. ಮುಂದೆ ಜೈಪುರದಲ್ಲಿ ರಾಜಸ್ಥಾನವನ್ನು 185 ರನ್ನಿನಿಂದ ಸೋಲಿಸಿ ಮೊದಲ ಸಲ ರಣಜಿ ಟ್ರೋಫಿ ತಂದದ್ದು ಎಲ್ಲರಿಗೂ ಗೊತ್ತು. ಆದರೆ ಹಳಬರು ಫೈನಲ್ಲಿನ ಮಾತು ಅಷ್ಟಾಗಿ ಎತ್ತುವುದಿಲ್ಲ, ಡ್ರಾ ಆದ ಆ ಸೆಮಿಫೈನಲ್ಲನ್ನೇ ಹೇಳುತ್ತಾರೆ.

ಅಲ್ಲಿಂದ ಹತ್ತು ಋತುಗಳಲ್ಲಿ ಕರ್ನಾಟಕ ಆರು ಫೈನಲ್ ಆಡಿತು. ಕೊಟ್ಟ ನಿಯಮವೇ ಕಿತ್ತುಕೊಂಡದ್ದು 1982ರಲ್ಲಿ.

ಆ ವರ್ಷದ ಸೆಮಿಫೈನಲ್ಲಿನಲ್ಲಿ ಮತ್ತೆ ಬೆಂಗಳೂರು, ಮತ್ತೆ ಬಾಂಬೆ. ಪುತ್ತೂರಿನ ಎಡಗೈ ಸ್ಪಿನ್ನರ್ ರಘುರಾಮ ಭಟ್ ಹ್ಯಾಟ್ರಿಕ್ ಸಮೇತ ಎಂಟು ವಿಕೆಟ್ ಕಿತ್ತು ಬಾಂಬೆಯನ್ನು 271ಕ್ಕೆ ಮುಗಿಸಿದರು. ಕರ್ನಾಟಕ 470 ಹೊಡೆಯಿತು. ಲೆಕ್ಕದ ಪ್ರಕಾರ ಪಂದ್ಯ ಅಲ್ಲಿಗೆ ತೀರಿತ್ತು. ಬಾಂಬೆಯವರಿಗೆ ಉಳಿದದ್ದು ಮರ್ಯಾದೆಯ ಪ್ರಶ್ನೆ, ಪೂರ್ತಿ ಸೋಲದೆ ಹೋಗುವುದು. ಚೆಂಡು ವಿಪರೀತ ತಿರುಗುತ್ತಿದ್ದ ಪಿಚ್ಚಿನ ಮೇಲೆ ಗಾವಸ್ಕರ್ ಭಟ್ಟರ ಎದುರು ಎಡಗೈಯಲ್ಲಿ ಬ್ಯಾಟು ಹಿಡಿದು ನಿಂತರು. ಔಟಾಗದೆ 18 ಹೊಡೆದು, ಒಂಬತ್ತು ವಿಕೆಟ್ ಬಿದ್ದಿದ್ದ ತಂಡವನ್ನು ದಡ ಮುಟ್ಟಿಸಿದರು. ಮುನ್ನಡೆಯ ನಿಯಮ ಇಲ್ಲದಿದ್ದರೆ ಈ ದೃಶ್ಯ ಕ್ರಿಕೆಟ್ಟಿಗೆ ಸಿಗುತ್ತಿರಲಿಲ್ಲ ಎಂದು ನನ್ನ ಎಣಿಕೆ. ಎಲ್ಲ ಕಳೆದುಕೊಂಡ ಮೇಲೆ ಉಳಿಯುವ ಅರ್ಧ ಸೋಲಿನಲ್ಲಿ ಮಾತ್ರ ಮನುಷ್ಯ ಇಂಥ ಪ್ರಯೋಗಕ್ಕೆ ಇಳಿಯುತ್ತಾನೆ.

ಫೈನಲ್ ದೆಹಲಿಯ ಫಿರೋಜ್ ಷಾ ಕೋಟ್ಲಾದಲ್ಲಿ. ಕರ್ನಾಟಕ ಮೊದಲು ಆಡಿತು. ರೋಜರ್ ಬಿನ್ನಿ ನೂರು. ಬ್ರಿಜೇಶ್ ಪಟೇಲ್ ನೂರು. ಖಾನ್ವಿಲ್ಕರ್ ನೂರು. ಕಿರ್ಮಾನಿ ನೂರು. ಒಟ್ಟು 705. ಏಳುನೂರು ದಾಟಿಸಿದ ತಂಡ ಸೋತೀತೆಂದು ಯಾರು ಎಣಿಸಿಯಾರು? ಮುನ್ನಡೆಯ ನಿಯಮ ಬಲ್ಲವರಿಗೆ ಒಂದು ಮಾತು ಗೊತ್ತಿತ್ತು: ಈ ಪಂದ್ಯದಲ್ಲಿ ಎರಡನೆಯ ಇನಿಂಗ್ಸ್ ಎಂಬುದೇ ಇರುವುದಿಲ್ಲ. ದೆಹಲಿ 706 ಹೊಡೆಯಬೇಕು, ಅಥವಾ ಹೊಡೆಯುವ ಮೊದಲು ಹತ್ತು ವಿಕೆಟ್ ಬೀಳಬೇಕು.

ಮೊಹಿಂದರ್ ಅಮರನಾಥ್ 185 ಹೊಡೆದರು. ಗುರುಶರಣ್ ಸಿಂಗ್ 101. ಆದರೂ 589ಕ್ಕೆ ಎಂಟನೆಯ ವಿಕೆಟ್ ಬಿತ್ತು. ಇನ್ನೂ 117 ಬೇಕು. ಕರ್ನಾಟಕಕ್ಕೆ ಬೇಕಿದ್ದದ್ದು ಎರಡು ವಿಕೆಟ್. ಕ್ರೀಸಿನಲ್ಲಿದ್ದವರು ರಾಕೇಶ್ ಶುಕ್ಲಾ ಮತ್ತು ರಾಜೇಶ್ ಪೀಟರ್, ಇಬ್ಬರೂ ಬೌಲಿಂಗಿಗೆ ಹೆಸರಾದವರು. ಮೊದಲ ಇನಿಂಗ್ಸ್‌ಗಳೇ ಮುಗಿಯದ ಕಾರಣ ಪಂದ್ಯ ಆರನೆಯ ದಿನಕ್ಕೆ ಎಳೆದಿತ್ತು. ಆ ಇಬ್ಬರು ಕದಲಲಿಲ್ಲ. ಶುಕ್ಲಾ 69, ಪೀಟರ್ 67, ಇಬ್ಬರೂ ಔಟಾಗದೆ. ದೆಹಲಿ 8 ವಿಕೆಟಿಗೆ 707. ಎರಡು ರನ್ ಮುಂದೆ. ಟ್ರೋಫಿ ಅವರದು.

ಒಂದು ಸಾವಿರದ ನಾಲ್ಕುನೂರ ಹನ್ನೆರಡು ರನ್ ಸೇರಿದ ಪಂದ್ಯದಲ್ಲಿ ಎರಡು ರನ್. ನಮ್ಮ ಕಡೆ ಹಿರಿಯರು ಸಂತೆಯಲ್ಲಿ ತೂಕ ನೋಡುವಾಗ ತಕ್ಕಡಿಯ ಮುಳ್ಳು ನಡುವೆ ನಿಂತಾಗ ಒಂದು ಹಿಡಿ ಹಾಕಿಸಿಕೊಳ್ಳುತ್ತಾರಲ್ಲ, ಅಷ್ಟು ಕೂಡ ಅಲ್ಲ. ಆದರೆ ಅನ್ಯಾಯ ಎನ್ನುವ ಹಾಗಿಲ್ಲ. ಎಂಟು ವರ್ಷ ಹಿಂದೆ ಬಾಂಬೆಯನ್ನು ಹೊರಗೆ ಕಳಿಸಿದ್ದು ಇದೇ ತಕ್ಕಡಿ. ಮರುವರ್ಷವೇ ವಾಂಖೆಡೆಯಲ್ಲಿ, ಬಾಂಬೆಯ ಮನೆಯಂಗಳದಲ್ಲಿ, ಅವರು ಹೊಡೆದ 534ಕ್ಕೆ ಉತ್ತರವಾಗಿ 551 ಹೊಡೆದು ಕರ್ನಾಟಕ ಮೂರನೆಯ ಟ್ರೋಫಿ ಎತ್ತಿತು. ಮುನ್ನಡೆ 17. ಮುಂದೆ 1995-96ರಲ್ಲಿ ಚೆನ್ನೈನಲ್ಲಿ ತಮಿಳುನಾಡಿನ ಎದುರು, 1997-98ರಲ್ಲಿ ಬೆಂಗಳೂರಿನಲ್ಲಿ ಉತ್ತರ ಪ್ರದೇಶದ ಎದುರು ಗೆದ್ದದ್ದೂ ಮುನ್ನಡೆಯ ಮೇಲೆಯೇ.

ಈ ನಿಯಮವನ್ನು ತಲೆಕೆಳಗು ಮಾಡಿ ನೋಡಬೇಕಾದರೆ 1999ರ ಏಪ್ರಿಲಿಗೆ ಹೋಗಬೇಕು. ಚಿನ್ನಸ್ವಾಮಿಯಲ್ಲಿ ಫೈನಲ್. ಮಧ್ಯಪ್ರದೇಶದ ನಾಯಕ ಚಂದ್ರಕಾಂತ ಪಂಡಿತ್. ನಮ್ಮ ನಾಯಕ ಸುನಿಲ್ ಜೋಶಿ, ಎಳೆಯನಾಗಿದ್ದಾಗ ಗದಗಿನಿಂದ ದಿನಾ ಬೆಳಗ್ಗೆ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ ಶಾಲೆಯ ವೇಳೆಗೆ ಮರಳುತ್ತಿದ್ದವರು. ಕರ್ನಾಟಕ 304, ಮಧ್ಯಪ್ರದೇಶ 379. ಮುನ್ನಡೆ 75. ಇನ್ನು ಮಧ್ಯಪ್ರದೇಶಕ್ಕೆ ಗೆಲ್ಲುವ ಹಂಗಿಲ್ಲ. ಕೊನೆಯ ದಿನ ಬ್ಯಾಟು ಹಿಡಿದು ನಿಂತರೆ ಸಾಕು, ರಾಜ್ಯದ ಮೊದಲ ರಣಜಿ. ಕರ್ನಾಟಕ ಎರಡನೆಯ ಸರದಿಯಲ್ಲಿ 321 ಹೊಡೆದು 247ರ ಗುರಿ ಇಟ್ಟಿತು. ನಿಲ್ಲುವುದೋ ಹೊಡೆಯುವುದೋ ಎಂಬ ಗೊಂದಲಕ್ಕೆ ಬಿದ್ದ ತಂಡ 150ಕ್ಕೆ ಉರುಳಿತು. ವಿಜಯ್ ಭಾರದ್ವಾಜ್ ಆರು ವಿಕೆಟ್. ಸುರಕ್ಷಿತವಾಗಿದ್ದವರೇ ಸೋತರು, ಗೆಲ್ಲದೆ ಗತಿಯಿಲ್ಲದವರು ಗೆದ್ದರು. ಪಂಡಿತ್ ಇಪ್ಪತ್ತಮೂರು ವರ್ಷ ಬಿಟ್ಟು, 2022ರ ಜೂನಿನಲ್ಲಿ, ಅದೇ ಚಿನ್ನಸ್ವಾಮಿಗೆ ಅದೇ ರಾಜ್ಯದ ಕೋಚ್ ಆಗಿ ಬಂದು ಮುಂಬೈಯನ್ನು ಆರು ವಿಕೆಟ್‌ಗಳಿಂದ ಸೋಲಿಸಿ, ಮೈದಾನದಲ್ಲೇ ಅತ್ತರು.

ಮುನ್ನಡೆಯ ನಿಯಮ ಇನ್ನೂ ಬದುಕಿದೆ. 2025ರ ಫೆಬ್ರವರಿಯಲ್ಲಿ ಕೇರಳ ಕ್ವಾರ್ಟರ್ ಫೈನಲ್ ದಾಟಿದ್ದು ಒಂದು ರನ್ನಿನ ಮುನ್ನಡೆಯಿಂದ, ಸೆಮಿಫೈನಲ್ ದಾಟಿದ್ದು ಎರಡು ರನ್ನಿನಿಂದ. ಕೇರಳ 457, ಗುಜರಾತ್ 455. ಗುಜರಾತಿನ ಕೊನೆಯ ಬ್ಯಾಟರ್ ಜೋರಾಗಿ ಬಾರಿಸಿದ ಚೆಂಡು ಹತ್ತಿರ ನಿಂತಿದ್ದ ಸಲ್ಮಾನ್ ನಿಜಾರನ ಹೆಲ್ಮೆಟ್ಟಿಗೆ ಬಡಿದು ಚಿಮ್ಮಿ ಸ್ಲಿಪ್ಪಿನಲ್ಲಿದ್ದ ನಾಯಕನ ಕೈಸೇರಿತು. ಆ 457ರಲ್ಲಿ 177 ಹೊಡೆದು ಔಟಾಗದೆ ಉಳಿದವರು ಕಾಸರಗೋಡಿನ ತಳಂಗರೆಯ ಮೊಹಮ್ಮದ್ ಅಜರುದ್ದೀನ್. ಗಡಿ ಎಲ್ಲಿ ಬೀಳುತ್ತದೋ ಅಲ್ಲಿಯ ತಂಡ. ಈ ಮಾತು ಕಾಸರಗೋಡಿನವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಒಂದು ದಿನದ ಆಟ ಬಂದ ಮೇಲೆ ಮುನ್ನಡೆಗೆ ಅಲ್ಲಿ ಜಾಗವಿರಲಿಲ್ಲ. 1992ರ ವಿಶ್ವಕಪ್‌ನಿಂದ ನೆಟ್ ರನ್ ರೇಟ್ ಬಂತು. ರಣಜಿಯ ಲೀಗಿನಲ್ಲಿ ವಿಕೆಟ್ಟನ್ನೂ ಲೆಕ್ಕಕ್ಕೆ ಹಿಡಿಯುವ ಭಾಗಲಬ್ಧ ಇದೆ: ವಿಕೆಟಿಗೆ ಎಷ್ಟು ಹೊಡೆದಿರಿ, ವಿಕೆಟಿಗೆ ಎಷ್ಟು ಕೊಟ್ಟಿರಿ. ನೆಟ್ ರನ್ ರೇಟಿಗೆ ವಿಕೆಟ್ಟಿನ ಹಂಗೇ ಇಲ್ಲ, ಆಲೌಟ್ ಆದರೆ ಪೂರ್ತಿ ಓವರ್ ಆಡಿದಂತೆ ಹಿಡಿಯುತ್ತಾರೆ ಅಷ್ಟೇ. 1999ರ ಜೂನ್ 17ರಂದು ಎಜ್‌ಬಾಸ್ಟನ್ನಿನ ವಿಶ್ವಕಪ್ ಸೆಮಿಫೈನಲ್ಲಿನಲ್ಲಿ ಆಸ್ಟ್ರೇಲಿಯಾ 213, ದಕ್ಷಿಣ ಆಫ್ರಿಕಾ 213. ಅದಕ್ಕೂ ಮುಂಚಿನ ಸೂಪರ್ ಸಿಕ್ಸ್ ಸುತ್ತಿನ ಪಟ್ಟಿಯಲ್ಲಿ ರನ್ ರೇಟಿನಿಂದ ಮೇಲಿದ್ದದ್ದಕ್ಕೆ ಆಸ್ಟ್ರೇಲಿಯಾ ಫೈನಲ್ಲಿಗೆ ಹೋಯಿತು, ಕಪ್ಪನ್ನೂ ತಂದಿತು.

ಎದುರುಬದುರಾಗಿ ಯಾರು ಯಾರನ್ನು ಸೋಲಿಸಿದ್ದರು ಎಂದು ನೋಡಿದರೆ ಮುಗಿಯಲಿಲ್ಲವೇ ಎಂದು ಕೇಳುವವರಿದ್ದಾರೆ. ಕಾಕಾ ಅವರ ನ್ಯಾಯವೂ ಅದೇ: ಗೆದ್ದವನು ಮುಂದೆ ಹೋಗಲಿ. ಅಮೆರಿಕದ ಕಾಲೇಜು ಫುಟ್‌ಬಾಲಿನವರು ಈ ನ್ಯಾಯವನ್ನೇ ಮೊದಲಿಗೆ ಇಟ್ಟುಕೊಂಡಿದ್ದಾರೆ. ಅಲ್ಲಿ ಫುಟ್‌ಬಾಲ್ ಎಂದರೆ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ಆಟ. ಹತ್ತು ಹದಿನೈದು ವಿಶ್ವವಿದ್ಯಾಲಯಗಳು ಸೇರಿ ಒಂದು ಕಾನ್ಫರೆನ್ಸ್. ಅದರ ಕೊನೆಗೊಂದು ಫೈನಲ್. 2008ರಲ್ಲಿ ಬಿಗ್ 12 ಕಾನ್ಫರೆನ್ಸಿನ ದಕ್ಷಿಣ ವಿಭಾಗದಲ್ಲಿ ಟೆಕ್ಸಸ್ ತಂಡ ಒಕ್ಲಹೋಮಾವನ್ನು 45-35ರಿಂದ ಸೋಲಿಸಿತು. ಟೆಕ್ಸಸ್ ಟೆಕ್, ಟೆಕ್ಸಸ್ಸನ್ನು 39-33ರಿಂದ ಸೋಲಿಸಿತು. ಒಕ್ಲಹೋಮಾ, ಟೆಕ್ಸಸ್ ಟೆಕ್ಕನ್ನು 65-21ರಿಂದ ಅರೆಯಿತು. ಮೂವರದೂ ಏಳು ಗೆಲುವು, ಒಂದು ಸೋಲು. ಹಾವು ತನ್ನ ಬಾಲವನ್ನೇ ಕಚ್ಚಿತ್ತು. ನಿಯಮದ ಪಟ್ಟಿಯಲ್ಲಿ ಒಂದೊಂದೇ ಮೆಟ್ಟಿಲು ಇಳಿದು, ಕೊನೆಗೆ ದೇಶದ ತಂಡಗಳನ್ನು ಸಾಲಾಗಿ ನಿಲ್ಲಿಸುವ ಶ್ರೇಯಾಂಕ ಪಟ್ಟಿ ತೆಗೆದರು. ಅದರಲ್ಲಿ ಒಕ್ಲಹೋಮಾ ಎರಡನೆಯದು, ಟೆಕ್ಸಸ್ ಮೂರನೆಯದು. ತಾನು ಸೋಲಿಸಿದ ತಂಡ ಫೈನಲ್ ಆಡುವುದನ್ನು ಟೆಕ್ಸಸ್ ಕೂತು ನೋಡಿತು. ನಮ್ಮ ನಾಲ್ವರು 14 ಅಂಕದಲ್ಲಿ ಸಿಕ್ಕಿಬಿದ್ದ 2024ರಲ್ಲೇ ಆ ಬಿಗ್ 12ರಲ್ಲಿ ಮತ್ತೆ ನಾಲ್ಕು ತಂಡಗಳು ಏಳು ಗೆಲುವು, ಎರಡು ಸೋಲಿನಲ್ಲಿ ಸಮ ನಿಂತವು. ಅರಿಜೋನಾ ಸ್ಟೇಟ್ ಮತ್ತು ಅಯೋವಾ ಸ್ಟೇಟ್ ಫೈನಲ್ಲಿಗೆ ಹೋದವು, ಉಳಿದೆರಡು ಮನೆಗೆ. ಅಲ್ಲಿಯ ಕಾಕಾಗಳೂ ಲೆಕ್ಕ ಕೇಳಿರಬೇಕು.

ಇಪ್ಪತ್ತು ಓವರಿನ ಆಟದಲ್ಲಿ ಸಮದ ಸಮಸ್ಯೆ ಪಟ್ಟಿಯಿಂದ ಮೈದಾನಕ್ಕೆ ಬಂತು. 2007ರ ಸೆಪ್ಟೆಂಬರ್ 14, ಡರ್ಬನ್. ಟಿ20 ವಿಶ್ವಕಪ್ಪಿನಲ್ಲಿ ಭಾರತ 141, ಪಾಕಿಸ್ತಾನ 141. ನಿಯಮದ ಹೆಸರು ಬೌಲ್ ಔಟ್: ಬ್ಯಾಟರ್ ಇಲ್ಲ, ಬರೀ ಸ್ಟಂಪ್‌ಗೆ ಗುರಿ ಇಟ್ಟು ಚೆಂಡು ಎಸೆಯಬೇಕು. ಊರಿನ ಹುಡುಗರು ಕಲ್ಲಿನಿಂದ ಹುಣಸೆಕಾಯಿ ಬೀಳಿಸುವ ಹಾಗೆ. ಬೌಲಿಂಗ್ ಕೋಚ್ ವೆಂಕಟೇಶ್ ಪ್ರಸಾದ್ ಅಭ್ಯಾಸದ ವೇಳೆ ಇದನ್ನೂ ಆಡಿಸಿದ್ದರು. ಸೆಹ್ವಾಗ್, ಹರಭಜನ್ ಆದ ಮೇಲೆ ಮೂರನೆಯವನಾಗಿ ಬಂದವರು ಬೌಲರೇ ಅಲ್ಲದ ಕೊಡಗಿನ ರಾಬಿನ್ ಉತ್ತಪ್ಪ. ಅದೇ ಪಂದ್ಯದಲ್ಲಿ 50 ಹೊಡೆದಿದ್ದ ಹುಡುಗ. ಚೆಂಡು ಸ್ಟಂಪ್‌ಗೆ ಬಡಿಯಿತು. ಆತ ಟೋಪಿ ತೆಗೆದು ಪ್ರೇಕ್ಷಕರಿಗೆ ಬಾಗಿ ನಮಸ್ಕರಿಸಿದ. ಪಾಕಿಸ್ತಾನದ ಮೂವರದೂ ತಪ್ಪಿತು. ಬೌಲ್ ಔಟ್ ಹೆಚ್ಚು ಕಾಲ ಬಾಳಲಿಲ್ಲ, ಬಾಳಬೇಕಾದದ್ದೂ ಅಲ್ಲ. ಆದರೆ ನಮ್ಮ ತಲೆಮಾರಿನವರಿಗೆ ಅದರಷ್ಟು ಖುಷಿ ಕೊಟ್ಟ ನಿಯಮ ಇನ್ನೊಂದಿಲ್ಲ.

ಅದರ ಜಾಗಕ್ಕೆ ಸೂಪರ್ ಓವರ್ ಬಂತು: ಇಬ್ಬರಿಗೂ ಇನ್ನೊಂದೊಂದು ಓವರಿನ ಆಟ. ಸೂಪರ್ ಓವರೂ ಸಮ ಆದರೆ? ಯಾರು ಹೆಚ್ಚು ಬೌಂಡರಿ ಹೊಡೆದರೋ ಅವರು. ಬರೆದವರಿಗೆ ಅದು ನಡೆದೀತೆಂಬ ನಂಬಿಕೆ ಇದ್ದಿರಲಾರದು. 2019ರ ಜುಲೈ 14ರಂದು ಲಾರ್ಡ್ಸ್‌ನಲ್ಲಿ ವಿಶ್ವಕಪ್ ಫೈನಲ್ಲೇ ಅಲ್ಲಿಗೆ ಬಂದು ನಿಂತಿತು. ಇಬ್ಬರೂ 241. ಸೂಪರ್ ಓವರಿನಲ್ಲಿ ಇಬ್ಬರೂ 15. ಬೌಂಡರಿ ಎಣಿಸಿದರು: ಇಂಗ್ಲೆಂಡ್ 26, ನ್ಯೂಜಿಲೆಂಡ್ 17. ಓಡಿ ಓಡಿ ರನ್ ಕೂಡಿಸಿದ ತಂಡ ಸೋತಿತು. ಜಗತ್ತೆಲ್ಲ ಬೈದಿತು. ಮೂರು ತಿಂಗಳಲ್ಲಿ ಐಸಿಸಿ ಆ ನಿಯಮ ಕಿತ್ತು ಹಾಕಿತು: ಇನ್ನು ಮುಂದೆ ಇಂಥ ನಿರ್ಣಾಯಕ ಪಂದ್ಯಗಳಲ್ಲಿ ಒಬ್ಬರು ಗೆಲ್ಲುವ ತನಕ ಸೂಪರ್ ಓವರ್ ಆಡಿಸುತ್ತಲೇ ಇರಬೇಕು. ಹಾಗೆ ಶಿಫಾರಸು ಮಾಡಿದ ಕ್ರಿಕೆಟ್ ಸಮಿತಿಯ ಅಧ್ಯಕ್ಷತೆ ಆಗ ಅನಿಲ್ ಕುಂಬ್ಳೆಯವರದು. 1995-96ರಲ್ಲಿ ಚೇಪಾಕಿನಲ್ಲಿ ಮೊದಲ ಇನಿಂಗ್ಸ್ ಮುನ್ನಡೆಯ ಮೇಲೆ ರಣಜಿ ಎತ್ತಿದ ಕರ್ನಾಟಕದ ನಾಯಕ.

ಸೂಪರ್ ಓವರಿನ ಫಲ ಕರ್ನಾಟಕಕ್ಕೂ ಸಿಕ್ಕಿದೆ. 2021ರ ನವೆಂಬರ್ 18ರಂದು ದೆಹಲಿಯಲ್ಲಿ ಸೈಯದ್ ಮುಷ್ತಾಕ್ ಅಲಿ ಟ್ರೋಫಿಯ ಕ್ವಾರ್ಟರ್ ಫೈನಲ್. ಕರ್ನಾಟಕ 160, ಬಂಗಾಳ 160. ಕೊನೆಯ ಚೆಂಡಿಗೆ ಮನೀಶ್ ಪಾಂಡೆಯ ನೇರ ಎಸೆತಕ್ಕೆ ಬಂಗಾಳದವನು ರನೌಟ್. ಸೂಪರ್ ಓವರಿನಲ್ಲಿ ಕೆ.ಸಿ. ಕಾರ್ಯಪ್ಪ ಕೊಟ್ಟದ್ದು ಐದೇ ರನ್. ಪಾಂಡೆ ಸಿಕ್ಸರ್ ಎತ್ತಿ ಮುಗಿಸಿದರು.

ಇನ್ನು ಮೇ 18ರ ಆ ರಾತ್ರಿಗೆ ಮರಳಿ ಬರುತ್ತೇನೆ. ಅದರ ಮುಂದಿನ ಕಥೆ ಚಿಕ್ಕದು. ನಾಲ್ಕೇ ದಿನಕ್ಕೆ, ಮೇ 22ರಂದು, ಅಹಮದಾಬಾದಿನಲ್ಲಿ ಆರ್‌ಸಿಬಿ ರಾಜಸ್ಥಾನಕ್ಕೆ ಸೋತು ಹೊರಗೆ ಬಂತು. ಹದಿನೆಂಟು ರನ್ನಿನ ಲೆಕ್ಕವೆಲ್ಲ ಆ ನಾಲ್ಕು ದಿನಕ್ಕೆ.

ಮೂರು ತಿಂಗಳ ಮೇಲೆ, ಆಗಸ್ಟ್ 23ರಂದು, ಅದೇ ಚಿನ್ನಸ್ವಾಮಿಯಲ್ಲಿ ರಾಜ್ಯದ ಮಹಾರಾಜ ಟ್ರೋಫಿಯ ಒಂದು ಲೀಗ್ ಪಂದ್ಯ. ಹುಬ್ಬಳ್ಳಿ ಟೈಗರ್ಸ್‌ಗೆ ಮನೀಶ್ ಪಾಂಡೆ ನಾಯಕ, ಬೆಂಗಳೂರು ಬ್ಲಾಸ್ಟರ್ಸ್‌ಗೆ ಮಯಂಕ್ ಅಗರವಾಲ್. ಹುಬ್ಬಳ್ಳಿ 164. ಬೆಂಗಳೂರು 164. ಸೂಪರ್ ಓವರಿನಲ್ಲಿ ಬೆಂಗಳೂರು 10, ಹುಬ್ಬಳ್ಳಿ 10. ಹಳೆಯ ನಿಯಮವಿದ್ದರೆ ಇಲ್ಲಿಗೆ ಬೌಂಡರಿ ಎಣಿಸಿ ದೀಪ ಆರಿಸುತ್ತಿದ್ದರು. ಕುಂಬ್ಳೆಯವರ ಸಮಿತಿಯ ದಯೆಯಿಂದ ಮತ್ತೊಂದು ಆಡಿಸಿದರು: ಹುಬ್ಬಳ್ಳಿ 8, ಬೆಂಗಳೂರು 8. ಮೂರನೆಯದು. ಒಂದೇ ಪಂದ್ಯದಲ್ಲಿ ಮೂರು ಸೂಪರ್ ಓವರ್ ಹಿಂದೆ ಎಲ್ಲೂ ನಡೆದಿರಲಿಲ್ಲ. ಬೆಂಗಳೂರು 12 ಹೊಡೆಯಿತು. ಹುಬ್ಬಳ್ಳಿಗೆ ಬೇಕಾದದ್ದು 13. ಮನ್ವಂತ್ ಕುಮಾರ್ ಕೊನೆಯ ಚೆಂಡನ್ನು ಬೌಂಡರಿಗೆ ಅಟ್ಟಿದ.

ಗೆದ್ದದ್ದು ಉತ್ತರದವರು ಎಂದು ಕಕ್ಕೇರಾದ ಚಹಾದಂಗಡಿಯಲ್ಲಿ ಮರುದಿನ ಸಂಭ್ರಮ. ಕಾಕಾ ಸ್ಕೋರು ಕೇಳಿದರು. ಹುಡುಗ ಮೊಬೈಲು ತೆಗೆದು ಮೇಲಿನ ಸಾಲು ಓದಿದ: ಹುಬ್ಬಳ್ಳಿ 164, ಬೆಂಗಳೂರು 164, ಪಂದ್ಯ ಟೈ.

"ಟೈ ಅಂದ್ರ ಗೆದ್ದಾರೋ ಸೋತಾರೋ?"

"ಕೆಳಗ ಸಣ್ಣದಾಗಿ ಬರ್ದಾರ ಕಾಕಾ, ತಡೀರಿ ಓದ್ತೀನಿ" ಎಂದ ಹುಡುಗ.